ಹೊಳ್ಳಿ ಕಳಿಸಿದ ಸೀರಿ

ಜೂನ್ 2, ಸೋಮವಾರ

ಮನಿ ಮಾಲಕನ ಹೆಂಡ್ತಿ ಇವತ್ತ ಮುಂಜಾನೆ ಬಂದು ಚಹಾ ಕುಡದು ಹೋದ್ಲು. ಇಷ್ಟ ವರ್ಷ ಈ ಬಾಡಿಗಿ ಮನ್ಯಾಗ ಅದೀವಿ, ಒಮ್ಮೀನೂ ನಮ್ಮ ಮನಿ ಚಹಾ ಬಾಯಾಗ ಹಾಕ್ಕೊಂಡಾಕಿ ಅಲ್ಲ. ಚಹಾದ ಬಸಿ ಕೈಯಾಗ ಹಿಡದಾಗನ ನನಗ ಗೊತ್ತಾತು, ಇದರ ಹಿಂದ ಏನೋ ಐತಿ ಅಂತ. ಬಸಿ ಕೆಳಗಿಟ್ಟಾಕಿನ, "ಹುಡುಗನ ಲಗ್ನ ಗೊತ್ತಾಗೇತೆವಾ, ಈ ತಿಂಗಳ ಕಡೀಕ ಮನಿ ಬಿಟ್ಟಕೊಡ್ರಿ" ಅಂದ್ಲು. ಲಗ್ನ ಖರೇನ ಇರಬಹುದು. ಆದ್ರ ಮೊನ್ನೆ ಅಕಿ ಗಂಡ ಯಾರಿಗೋ ಫೋನಿನ್ಯಾಗ "ಬಾಡಿಗಿ ಜಾಸ್ತಿ ಕೊಡೂದಾದ್ರ ನೋಡೋಣು" ಅನ್ನೂದನ್ನೂ ನಾ ಕೇಳೀನಿ. ನನ್ನ ಕಿವಿಗೆ ಇನ್ನೂ ಏನೂ ಆಗಿಲ್ಲ.

ಇವರಿಗೆ, ಅಂದ್ರ ನನ್ನ ಗಂಡಗ, ಹೇಳಿದ್ರ, "ಆತ ಬಿಡು, ಬ್ಯಾರೆ ಮನಿ ನೋಡಿದ್ರಾತು" ಅಂದು ರೊಟ್ಟಿ ಮುರದ್ರು. ಸಾಲಿ ವ್ಯಾನ್ ಹೊಡ್ಯೂ ಈ ಮನಷ್ಯಾಗ ಜಗತ್ತಿನ್ಯಾಗ ಎಲ್ಲಾರೂ ಚಲೋ ಮಂದಿನ. ಯಾರರೆ ಕಿಸೇಕ ಕೈ ಹಾಕಿದ್ರೂ "ಪಾಪ, ಥಂಡಿ ಆಗಿರಬೇಕು" ಅನ್ನೂ ಪೈಕಿ. ಇವರ ಪಾಲಿನ ಸಂಶೇನೂ ನಾನ ಪಡಬೇಕು.

ಬಾಜೂದವರ ಮುಂದ ಹೇಳಿದ್ರ ಸಂಜಿಗೆ ಓಣಿಗೆಲ್ಲಾ ಗೊತ್ತಾಗತೈತಿ. ಅದಕ್ಕ ಮಗಳು ಕಾಜಲ್ಲಳ ಹೋದ ವರ್ಷದ ವಹಿಯಾಗ ಉಳದ ಹಾಳಿ ಮ್ಯಾಲೆ ಬರ್ಯಾಕತ್ತೇನಿ. ನಾ ದಾನೇಶ್ವರಿ, ಬ್ಲೌಸ್ ಹೊಲ್ಯಾಕಿ, ಬರ್ಯಾಕಿ ಅಲ್ಲ. ಆದ್ರ ಹಾಳಿ ಒಬ್ಬರದ ಒಬ್ಬರಿಗೆ ಹಚ್ಚಿಕೊಡೂದಿಲ್ಲಲ್ಲ.

ಜೂನ್ 6, ಶುಕ್ರವಾರ

ಒಂದ ಮನಿ ಸಿಕ್ಕೇತಿ. ರಸ್ತೆಕ ಬಾಗಲಾ, ಮುಂದ ಒಂದ ಖೋಲಿ. ಅಲ್ಲಿ ಮಶಿನ್ ಹಾಕಿ ಹೊರಗ ಬೋರ್ಡ್ ತೂಗಬಿಟ್ರ ಗಿರಾಕಿ ತಾವ ಬರ್ತಾರ. ಇಷ್ಟದಿನ ಸಂದ್ಯಾಗಿನ ಹಿಂದಿನ ಮನ್ಯಾಗ ಕುಂತು ಹೊಲದು ಹೊಲದು ನನ್ನ ಹೆಸರ ಯಾರಿಗೂ ಗೊತ್ತಿಲ್ಲ. ಮನಿ ನೋಡಿದ ಕೂಡಲೇ ನನ್ನ ಜೀವ ಅದರಾಗ ಸಿಕ್ಕೊಂತು. ಆದ್ರ ಮಾರಿ ಮ್ಯಾಲೆ ತೋರಸಲಿಲ್ಲ.

ಮಾಲಕ ಉದ್ದಪ್ಪ, ಮೊದಲ ಲೈನ್‌ಮನ್ ಇದ್ದಂವ, ಈಗ ರಿಟಾಯರ್ಡ್. ಅವನ ಕಣ್ಣೋ, ಏನ ಕಣ್ಣವಾ! "ಎಷ್ಟ ಮಂದಿ ಅದೀರಿ? ಮಶಿನ್‌ಗೆ ಮೋಟರ್ ಐತೇನು, ಕಾಲಲೇ ತುಳಿತೀರೇನು? ಬೀಗರ ಭಾಳ ಬರ್ತಾರೇನು?" ಅಂತ ಪೊಲೀಸರ ಕೇಳಿಧಂಗ ಕೇಳಿದ. ನಾ ಏನ ಕಡಿಮಿ? ಗ್ವಾಡಿ ಮ್ಯಾಲೆ ದೊಡ್ಡದೊಂದ ಕ್ಯಾಲೆಂಡರ್ ಇತ್ತು. ಹಸಿ ಮುಚ್ಚಾಕನ ಹಾಕಿರಬೇಕು ಅಂತ ಎತ್ತಿ ಹಿಂದ ನೋಡಿದೆ. ಗ್ವಾಡಿ ಒಣಾ ಇತ್ತು. "ಏನ ಹುಡಕಾಕತ್ತೀರಿ ಅಕ್ಕಾರ?" ಅಂದ. "ತಾರೀಖ ನೋಡಾಕತ್ತಿದ್ದೆ" ಅಂದೆ.

ಬಾಡಿಗಿ ಹೆಂಗರ ನಡಿತೈತಿ. ಡಿಪಾಜಿಟ್ ಅರವತ್ತ ಸಾವಿರ ಅಂದ. ಇಪ್ಪತ್ತನೇ ತಾರೀಖಿನೊಳಗ ಕೊಡಲಿಲ್ಲಂದ್ರ ಬ್ಯಾರೆ ಪಾರ್ಟಿ ಐತಿ ಅಂತ. ಆ ಬ್ಯಾರೆ ಪಾರ್ಟಿ ಖರೆ ಐತೋ ಇಲ್ಲೋ ದೇವರಿಗೇ ಗೊತ್ತು.

ಮಶಿನ್‌ಗೆ ತಗೊಂಡ ಸಂಘದ ಸಾಲ ಇನ್ನೂ ತೀರಿಲ್ಲ, ಮತ್ತ ಕೊಡೂದಿಲ್ಲ ಅಂದ್ರು. ಇವರ ವ್ಯಾನ್ ಮಾಲಕ ಅಡ್ವಾನ್ಸ್ ಅಂದ ಕೂಡಲೇ ಕಿವುಡ ಆಗ್ಯಾನ. "ನಿಮ್ಮಣ್ಣನ್ನ ಒಮ್ಮೆ ಕೇಳಬಾರ್ದೇನು?" ಅಂದ್ರು ಇವರು. ಅಷ್ಟ ಸಲೀಸಾಗಿ ನನ್ನ ತವರಮನಿ ಯಾಕ ನೆನಪಾತು ಇವರಿಗೆ? ಅಪ್ಪನ ಹೊಲದ ಉತಾರದಾಗ, ಅಂದ್ರ ಪಹಣ್ಯಾಗ, ನನ್ನ ಹೆಸರೂ ಐತಿ ಅನ್ನೂದು ತಲ್ಯಾಗ ಇರಬೇಕು.

ಜೂನ್ 8, ರವಿವಾರ

ಕಲ್ಲೋಳಿಗೆ ಹೋಗಿ ಬಂದೆ. ತವರಿಗೆ ಹೋಗೂದಂದ್ರ ಕಾಲ ತಾವ ಓಡತಾವು, ಇವತ್ತ ಒಂದೊಂದ ಹೆಜ್ಜೀನೂ ಎಳದ ಎಳದ ಇಟ್ಟೆ.

ಅಣ್ಣ ಅಪ್ಪಣ್ಣ ಕಟ್ಟಿ ಮ್ಯಾಲೆ ಕುಂತಿದ್ದ. ಹೆಂಗೋ ಬಾಯಿ ಬಿಟ್ಟ ಹೇಳಿದೆ. ಅಂವ ಗದ್ದ ಕೆರಕೋತ ಕುಂತ. ನನಗ ಭೂಮಿ ಬಾಯಿ ಬಿಡಬಾರದೇನ ಅನ್ನಿಸ್ತು. ಅಷ್ಟರಾಗ ಒಳಗಿಂದ ಅವನ ಹೆಂಡ್ತಿ ವಿಜಯಲಕ್ಷ್ಮಿ ವೈನಿ ಹಿಟ್ಟಿನ ಕೈಲೇ ಹೊರಗ ಬಂದು, "ಕೊಡೋಣು ತಗೋರಿ. ನಮ್ಮ ದಾನಕ್ಕ ಯಾವತ್ತರ ಕೈ ಒಡ್ಡಿದಾಕಿ ಏನು?" ಅಂದ್ಲು.

ವೈನಿ! ಒಂದ ಸೇರ ಶೇಂಗಾ ಕೊಡಬೇಕಾದ್ರೂ ತಳ ಕುಕ್ಕಿ ಅಳ್ಯಾಕಿ. ಬಡ್ಡಿ ಇಲ್ಲ, ಯಾವಾಗ ಕೊಡ್ತಿ ಅನ್ನೂ ಮಾತಿಲ್ಲ. ಬಸ್ಸಿನ್ಯಾಗ ಬರೂಮುಂದ ಅದನ್ನ ವಿಚಾರ ಮಾಡಿದೆ. ಅಪ್ಪ ತೀರಿಕೊಂಡ ಮ್ಯಾಲೆ ಉತಾರದಾಗ ಮೂರ ಹೆಸರ ಕುಂತಾವು. ಅಣ್ಣಂದು, ಹುಕ್ಕೇರ್ಯಾಗಿರೂ ಶಂಕ್ರವ್ವಕ್ಕಂದು, ನಂದು. ಹೆಣ್ಣಮಕ್ಕಳ ಹೆಸರ ತಗಸಾಕ ದಾರಿ ಕಾಯದ ಅಣ್ಣ ನಮ್ಮ ಸೀಮ್ಯಾಗ ಯಾವಂವ ಅದಾನ?

ನೋಡೋಣು.

ಜೂನ್ 14, ಶನಿವಾರ

ಅಣ್ಣ ತಾನ ಗೋಕಾಕಕ್ಕ ಬಂದು ರೊಕ್ಕ ಕೊಟ್ಟ ಹೋದ. ಎಲ್ಲಾ ಐದನೂರರ ನೋಟು, ರಬ್ಬರ ಹಾಕಿ ಬ್ಯಾರೆ ಬ್ಯಾರೆ ಕಟ್ಟ. "ಎಲ್ಲಿಂದ ತಂದಿ?" ಅಂದೆ. "ಎಲ್ಲಿಂದರ ತಂದೆ, ನಿನಗ್ಯಾಕ ಬೇಕು" ಅಂದ. ಯಾಕ ಹೇಳಾಕ ಒಲ್ಲಂತಾನ? ಚಹಾ ಕುಡಿ ಅಂದ್ರ ಕುಂದರಲಿಲ್ಲ, ಗಾಡಿ ಚಾಲೂ ಇಟ್ಟಕೊಂಡ ನಿಂತಿದ್ದ.

ನನಗ ಖುಷಿ ಆಗಬೇಕಾಗಿತ್ತು. ಆತು ಸ್ವಲ್ಪ. ಅಂವ ಹೋದ ಮ್ಯಾಲೆ ಬಾಗಲಾ ಹಾಕಿ ಒಂದೊಂದ ನೋಟ ಬೆಳಕಿಗೆ ಹಿಡದ ನೋಡಿದೆ. ಎಲ್ಲಾ ಖರೇವ ಅದಾವು.

ಜೂನ್ 19, ಗುರುವಾರ

ಉದ್ದಪ್ಪಗ ರೊಕ್ಕ ಮುಟ್ಟಿತು. ಅಂವ ಎಣಿಸಿದ, ಅವನ ಹೆಂಡ್ತಿ ಎಣಿಸಿದ್ಲು, ಮತ್ತ ಅಂವ ಎಣಿಸಿದ. ನಾ ಪಾವತಿ ಬರಸ್ಕೊಂಡೆ, ಅವರಿಬ್ಬರದೂ ಸಹಿ ತಗೊಂಡೆ. "ಅಕ್ಕಾರ, ನೀವು ನಮ್ಮನ್ನ ನಂಬೂದಿಲ್ಲೇನು?" ಅಂದ. "ನೀವು ನಂಬೀರೇನು?" ಅಂದೆ. ಇಬ್ಬರೂ ನಕ್ವಿ. ಈ ಮುದುಕನ ಜೋಡಿ ನನಗ ನೆಟ್ಟಗ ಹೊಂದಾಣಿಕಿ ಆಗತೈತಿ ಅನ್ನಿಸ್ತೈತಿ.

ಜೂನ್ 26, ಗುರುವಾರ

ಇವತ್ತ ಹೊಸಾ ಮನ್ಯಾಗ ಹಾಲ ಉಕ್ಕಿಸಿದ್ವಿ. ಬೋರ್ಡ್ ಬಂತು. "ದಾನೇಶ್ವರಿ ಲೇಡಿಜ್ ಟೇಲರ್" ಅಂತ ಕೆಂಪ ಅಕ್ಷರ. ರಸ್ತೆಕ ನಿಂತು ಸುಮ್ನ ನೋಡಿದೆ. ಕಣ್ಣಾಗ ನೀರ ಬಂತು, ಉದ್ದಪ್ಪ ನೋಡ್ಯಾನೇನು ಅಂತ ಲಗೂನ ಒರಸ್ಕೊಂಡೆ.

ಮಧ್ಯಾಹ್ನ ಅಣ್ಣ ವೈನಿ ಬಂದ್ರು. ವೈನಿ ಚೀಲದಾಗಿಂದ ಇಲಕಲ್ಲ ಸೀರಿ ತಗದ್ಲು. ಕಡ್ಲಿಬ್ಯಾಳಿ ಬಣ್ಣ, ಕೆಂಪ ಸೆರಗು, ಮುಟ್ಟಿದ್ರ ಗೊತ್ತಾಗತೈತಿ, ಹಗರ ಮಾಲ ಅಲ್ಲ. ಅಕ್ಕಿ, ಕಾಯಿ, ಖಾರೀಕ, ಅರಿಷಿಣ ಬೇರ ಎಲ್ಲಾ ಹಾಕಿ ಉಡಿ ತುಂಬಿದ್ಲು. "ಇವತ್ತಿಂದ ನಿನ್ನ ಹೆಸರ ರಸ್ತೆಕ ಬಂತಲ್ಲವಾ" ಅಂದ್ಲು.

ನಾ ಬಗ್ಗಿ ಕಾಲಿಗೆ ಬಿದ್ದೆ. ಆದ್ರ ಏಳೂದರಾಗ ನನ್ನ ತಲ್ಯಾಗ ಸಂಶೆ ಹೊಕ್ಕಿತ್ತು. ಬಾಡಿಗಿ ಮನಿ ಹೊಕ್ಕಿದ್ದಕ್ಕ ಇಲಕಲ್ಲ ಸೀರಿ ಯಾರ ತರ್ತಾರ? ಒಂದ ಜಂಪರ್ ಪೀಸ್ ಸಾಕಾಗತಿತ್ತು. ದೊಡ್ಡಪ್ಪನ ಮಗಳು ಕಾಶೆವ್ವಗ ಹಿಂಗ ಆಗಿತ್ತು. ಮೊದಲ ತಮ್ಮಂದಿರು ಸೀರಿ ತಂದ್ರು, ಉಡಿ ತುಂಬಿದ್ರು, ಎಂಟ ದಿನಕ್ಕ "ಒಂದ ಸಹಿ ಐತಿ, ಬಾರವಾ" ಅಂತ ಕರಕೊಂಡ ಹೋದ್ರು. ಹೊಲದ ಹಕ್ಕ ಬಿಟ್ಟಕೊಟ್ಟ ಹೆಣ್ಣಮಗಳಿಗೆ ಸೀರಿ ಉಡಸೂದು ನಮ್ಮ ಕಡೆ ರಿವಾಜನ ಐತಿ. ಕಾಶೆವ್ವ ಆ ಸೀರಿ ಉಟಗೊಂಡ ಬಂದಾಗ ಎಲ್ಲಾರೂ ಚಂದ ಐತಿ ಚಂದ ಐತಿ ಅಂದ್ರು.

ಸೀರಿ ಟ್ರಂಕಿನ್ಯಾಗ ಇಟ್ಟೇನಿ. ಮಡಿಕಿ ಬಿಚ್ಚಿಲ್ಲ.

ಜೂನ್ 30, ಸೋಮವಾರ

ಬಂತು. ನಾ ಏನ ಅಂದಿದ್ದೆ? ಬಂತು.

ಅಣ್ಣನ ಫೋನು. "ದಾನವ್ವಾ, ಗುರುವಾರ ಮೂಡಲಗಿ ಕಚೇರಿಗೆ ಬರ್ತೀಯೇನು? ಆಧಾರ ಕಾರ್ಡ್ ತಗೊಂಡ ಬಾ, ಎರಡ ಫೋಟೊ. ನಿಂದೊಂದ ಸಹಿ ಬೇಕಾಗಿತ್ತು. ಅದು ಮನಿದು..." ಅನ್ನಾಕತ್ತಿದ್ದ. "ತಿಳೀತ ಬಿಡಣ್ಣಾ" ಅಂದು ಫೋನ್ ಇಟ್ಟೆ. ಹೊಲದ್ದಷ್ಟ ಅಲ್ಲ, ಮನಿದೂ ಬೇಕಂತ!

ಇವರು "ಏನಂತ ಪೂರಾ ಕೇಳಬೇಕಿಲ್ಲೇನ" ಅಂದ್ರು. ಏನ ಕೇಳೂದೈತಿ? ನನಗ ಅಕ್ಷರ ಗೊತ್ತಿಲ್ಲೇನು, ಲೋಕಾ ಗೊತ್ತಿಲ್ಲೇನು? ಸಿಟ್ಟಿನ್ಯಾಗ ಗಿರಾಕಿ ಬ್ಲೌಸಿನ ತೋಳ ಉಲ್ಟಾ ಹಚ್ಚೀನಿ. ಬಿಚ್ಚಿ ಮತ್ತ ಹೊಲಿಬೇಕು.

ಒಂದಮಾತ ಖರೆ ಬರೀತೇನಿ, ಇಲ್ಲಿ ಯಾರ ನೋಡ್ತಾರ. ಹೊಲ ಹೋದ್ರ ಹೋಗಲಿ, ನನಗ ಅದರ ಮ್ಯಾಲೆ ಅಷ್ಟ ಆಸೆ ಇಲ್ಲ. ನೆಟ್ಟಗ ಮಾರಿ ನೋಡಿ "ಬಿಟ್ಟಕೊಡು" ಅಂದಿದ್ರ ಕೊಡತಿದ್ದೆನೋ ಏನೋ. ನನ್ನ ಗರಜು ನೋಡಿ, ರೊಕ್ಕಾ ಕೊಟ್ಟು, ಸೀರಿ ಉಡಸಿ, ಹಿಂದ ಸಹಿ ಕೇಳೂದು ಹೊಟ್ಟಿ ಉರಸ್ತೈತಿ.

ಜುಲೈ 2, ಬುಧವಾರ

ಸೀರಿ ಹೊಳ್ಳಿ ಕಳಿಸಿದೆ.

"ನೀವ ಕೊಟ್ಟ ಬರ್ರಿ" ಅಂದ್ರ ಇವರು, "ಉಡಿ ತುಂಬಿದ್ದು ಹೊಳ್ಳಿ ಕೊಡಬಾರದು, ನಾ ಒಯ್ಯೂದಿಲ್ಲ" ಅಂದ್ರು. ಲಗ್ನ ಆದಾಗಿಂದ ಮೊದಲ ಸಲ ಇವರ ಬಾಯಾಗ ಇಲ್ಲ ಅನ್ನೂ ಮಾತ ಕೇಳಿದೆ. ಹಂಗಾದ್ರ ಇವರೂ ಅವರ ಜೋಡಿ ಅದಾರೇನು? ಕಲ್ಲೋಳಿಯಿಂದ ದಿನಾ ಹಾಲ ತರೂ ರಾಜಪ್ಪನ ಕೈಯಾಗ ಕೊಟ್ಟೆ. ಸೀರಿ, ಅಕ್ಕಿ, ಕಾಯಿ, ಖಾರೀಕ, ಎಲ್ಲಾ ಹೆಂಗ ಬಂದಿತ್ತೋ ಹಂಗ ಗಂಟ ಕಟ್ಟಿ ಕೊಟ್ಟೆ. "ಸೀರಿಗೆ ನನ್ನ ಸಹಿ ಸಿಗೂದಿಲ್ಲಂತ ಹೇಳು. ರೊಕ್ಕಾ ತಿಂಗಳಾ ತಿಂಗಳಾ ಕೊಟ್ಟ ತೀರಸ್ತೇನಿ ಅಂತನೂ ಹೇಳು" ಅಂದೆ. ರಾಜಪ್ಪ ಹಾಲಿನ ಕ್ಯಾನ ಬಿಟ್ಟು ನನ್ನ ಮಾರೀನ ನೋಡಿದ. "ಯಕ್ಕಾ, ವಿಚಾರ ಮಾಡಿಯೇನು?" ಅಂದ. ಊರ ಮಂದಿಗೆಲ್ಲಾ ನನಗ ಬುದ್ಧಿ ಹೇಳೂದ ಕೆಲಸ.

ಜುಲೈ 4, ಶುಕ್ರವಾರ

ನಿನ್ನೆ ಗುರುವಾರ ಆತು. ಹೋಗಲಿಲ್ಲ. ಫೋನೂ ಬರಲಿಲ್ಲ. ಒದರಾಡ್ತಾರ, ಬೈತಾರ ಅಂತ ಕಾಯ್ಕೊಂಡಿದ್ದೆ. ಬೈದಿದ್ರ ಚಲೋ ಇತ್ತು.

ಜುಲೈ 13, ರವಿವಾರ

ಹುಕ್ಕೇರಿಗೆ ಅಕ್ಕನ ಮನಿಗೆ ಹೋಗಿದ್ದೆ. ಶಂಕ್ರವ್ವಕ್ಕಗೂ ಸೀರಿ ಬಂದಿರಬೇಕು, ಅಕಿ ಸುಮ್ನ ಸಹಿ ಮಾಡಿ ಕೈ ತೊಳಕೊಂಡಿರಬೇಕು ಅಂತ ನನಗ ಸಂಶೆ. ಅದನ್ನ ಕೆದಕಾಕನ ಹೋಗಿದ್ದೆ, ಮತ್ಯಾಕ ಸುಳ್ಳ ಹೇಳಲಿ.

"ಸಹಿ ಮಾಡಿದೀಯೇನಕ್ಕಾ?" ಅಂದೆ.

"ಮಾಡಿದೆ. ಅಂವ ಇಲ್ಲಿತನಕ ಬಂದು ತಗೊಂಡ ಹೋದ."

"ಸೀರಿ ಏನ ಬಣ್ಣದ್ದು ಕೊಟ್ರು?"

"ಯಾತಕ್ಕ ಸೀರಿ? ಲೈಟಿನ ಮೀಟರಿಗೆ ಯಾರ ಸೀರಿ ಕೊಡ್ತಾರ?" ಅಂದ್ಲು ಅಕ್ಕ.

ಆಮ್ಯಾಲೆ ಅಕಿ ಹೇಳಕೋತ ಹೋದ್ಲು, ನಾ ಕುಂತಲ್ಲೇ ಸಣ್ಣಾಕ್ಕೋತ ಹೋದೆ. ಕಲ್ಲೋಳಿ ಮನಿ ಮೀಟರು ಇನ್ನೂ ಅಪ್ಪನ ಹೆಸರಲೇ ಐತಿ. ವೈನಿಗೆ ಮನಿ ಮುಂದ ಹಿಟ್ಟಿನ ಗಿರಣಿ ಹಾಕಬೇಕಂತ ಭಾಳ ವರ್ಷದ ಆಸೆ. ಗಿರಣಿಗೆ ದೊಡ್ಡ ಕನೆಕ್ಷನ್ ಬೇಕು. ಅದಕ್ಕ ಮೀಟರ್ ಅಣ್ಣನ ಹೆಸರಿಗೆ ಆಗಬೇಕು. ಅದಕ್ಕ ನಮ್ಮಿಬ್ಬರ ತಕರಾರಿಲ್ಲ ಅಂತ ಸಹಿ. ಅಷ್ಟ. ಹೊಲದ ಸುದ್ದಿ ಅದರಾಗ ಎಲ್ಲೂ ಇಲ್ಲ.

"ಮತ್ತ ನಿನ್ನ ಡಿಪಾಜಿಟ್ ರೊಕ್ಕಾ ಎಲ್ಲಿದು ಮಾಡಿದಿ?" ಅಂದ್ಲು ಅಕ್ಕ. "ವಿಜಯಲಕ್ಷ್ಮಿ ಭಿಶಿ ಎತ್ತಿದ್ಲು. ಓಣಿ ಹೆಣ್ಣಮಕ್ಕಳು ಸೇರಿ ತಿಂಗಳಾ ರೊಕ್ಕ ಹಾಕೂ ಚೀಟಿ. ಗಿರಣಿ ಸಲುವಾಗಿ ಕಾಯ್ಕೊಂಡ ಕುಂತಿದ್ಲು. ಅಕಿ ಪಾಳಿ ಬಂತು, ನಿನಗ ಕೊಟ್ಲು. ಕನೆಕ್ಷನ್ನರ ಮಾಡಿಸಿ ಇಡೋಣು, ಗಿರಣಿ ಮುಂದ ಆಗತೈತಿ ಅಂತ ಕಾಗದಾ ಓಡ್ಯಾಡಸಾಕತ್ತಿದ್ರು. ನೀ ಏನ ಮಾಡಿದಿ?"

ಹೇಳಿದೆ. ಮುಚ್ಚಿಡಾಕ ಬಾಯಿ ಬರಲಿಲ್ಲ. ಅಕ್ಕ ಹಣಿ ಬಡಕೊಂಡ್ಲು. "ಉಡಿ ಹೊಳ್ಳಿ ಕಳಿಸಿದೀಯಾ? ಹುಚ್ಚೀ! ನಿನ್ನ ಶಾಣ್ಯಾತನಕ್ಕ ಬೆಂಕಿ ಹಚ್ಚಲಿ! ತವರಮನಿ ಹರಕೊಂಡಾಗ ಸುದ್ದಾ ಯಾರೂ ಹಂಗ ಮಾಡೂದಿಲ್ಲ." ಆಮ್ಯಾಲೆ ದನಿ ಇಳಿಸಿ ಅಂದ್ಲು, "ಆ ಸೀರಿ ಅಕಿ ಅಂಗಡ್ಯಾಗ ಉದ್ರಿ ತಂದಾಳ. ಬೋರ್ಡಿನ ಮ್ಯಾಲೆ ಹೆಸರ ಬರೂ ದಿನ ನಮ್ಮ ದಾನಕ್ಕ ಹಳೆ ಸೀರಿ ಉಡಬಾರದು ಅಂತ ನನಗ ಫೋನ್ ಮಾಡಿ ಬಣ್ಣಾ ಕೇಳಿದ್ಲು."

ಕಡ್ಲಿಬ್ಯಾಳಿ ಬಣ್ಣ ಅಕ್ಕ ಹೇಳಿದ್ದಂತ.

ಜುಲೈ 14, ಸೋಮವಾರ

ಇವರಿಗೆ ಎಲ್ಲಾ ಹೇಳಿದೆ. ನಗತಾರ ಅಂತ ಮಾಡಿದ್ದೆ, ನಗಲಿಲ್ಲ. "ಫೋನ್ ಮಾಡು" ಅಂದ್ರು, ಅಷ್ಟ. ಮಾಡಿದೆ. ವೈನಿ ಎತ್ತಿದ್ಲು. "ಅವರು ಹೊಲಕ್ಕ ಹೋಗ್ಯಾರ್ರೀ" ಅಂದ್ಲು. ನನಗ ರೀ ಹಚ್ಚಿ ಮಾತಾಡಿದ್ಲು, ಪರಕೀಯರಿಗೆ ಮಾತಾಡಿಧಂಗ. "ವೈನಿ, ನಾ..." ಅನ್ನೂದರಾಗ ಫೋನ್ ಕಟ್ಟ ಆತು. ಅಕಿ ಕಟ್ ಮಾಡಿದ್ಲೋ ರೇಂಜ್ ಹೋತೋ ಗೊತ್ತಿಲ್ಲ. ರೇಂಜ್ ಹೋಗಿರಬೇಕು.

ಜುಲೈ 21, ಸೋಮವಾರ

ನಾಗರ ಪಂಚಮಿ ಬಂತಂತ ಬ್ಲೌಸ್ ರಾಶಿ ಬಿದ್ದಾವು. ಬೋರ್ಡ್ ನೋಡಿನ ಬರಾಕತ್ತಾರ. ಹೊಟ್ಟಿ ತುಂಬ ಕೆಲಸ ಐತಿ, ಮನಸಿಗೆ ರುಚಿ ಇಲ್ಲ.

ಇವತ್ತ ಒಬ್ಬಾಕಿ ಗಿರಾಕಿ ಅಳತಿ ಕೊಟಗೋತ, "ಹಬ್ಬಕ್ಕ ಕರದ್ರೂ ನಮ್ಮ ವೈನಿ ಮನಸಿನ್ಯಾಗ ಏನ ಇಟ್ಟಕೊಂಡ ಕರೀತಾಳೋ, ಎಲ್ಲಾ ವೈನಿಗೋಳು ಹಂಗ" ಅಂದ್ಲು. "ನಿಮಗೇನ ಗೊತ್ತ್ರಿ ಅಕಿ ಮನಸಿನ್ಯಾಗಿಂದು?" ಅಂತ ಜೋರಲೇ ಕೇಳಿದೆ. ಪಾಪ, ಅಕಿ ಟೇಪ್ ಸುತಗೊಂಡ ಹಂಗ ಹೆದರಿ ನಿಂತ್ಲು. ಈ ನಮೂನಿ ಮಾತಾಡಿದ್ರ ಗಿರಾಕಿ ಹೋಗತಾವು, ನಾಲಿಗಿ ಹಿಡಕೋಬೇಕು.

ಜುಲೈ 26, ಶನಿವಾರ

ಬಾಜೂ ಮನಿ ಹೆಣ್ಣಮಗಳನ್ನ ಪಂಚಮಿಗೆ ಅವರಣ್ಣ ಬಂದು ತವರಿಗೆ ಕರಕೊಂಡ ಹೋದ. ಎದುರಿನ ಮನ್ಯಾಕಿನೂ ಹೋದ್ಲು. ಪ್ರತಿ ವರ್ಷ ಇಷ್ಟೊತ್ತಿಗೆ ಅಣ್ಣ ಬಂದು "ಲಗೂ ರೆಡಿ ಆಗವಾ" ಅಂತ ಗಡಬಡ ಮಾಡ್ತಿದ್ದ. ಗಾಡಿ ಸಪ್ಪಳ ಕೇಳಿದಾಗೊಮ್ಮೆ ಮಶಿನ್ ನಿಂದರಸಿ ಹೊರಗ ನೋಡೀನಿ. ಉದ್ದಪ್ಪ ಮೀಟರ್ ನೋಡಾಕ ಬಂದಂವ, "ನಿಮ್ಮಣ್ಣ ಬರಲಿಲ್ಲೇನ್ರಿ ಇನ್ನೂ?" ಅಂದ. "ಕೆಲಸ ಇರ್ತೈತ್ರಿ ಅವನಿಗೆ" ಅಂದೆ.

ಸಂಜಿಮುಂದ ಅಣ್ಣಗ ಫೋನ್ ಹಚ್ಚಿದೆ, ಅಂವನ ಎತ್ತಿದ. "ಸೋಮವಾರ ಮೂಡಲಗಿಗೆ ಬರ್ತೇನಿ. ಆಧಾರ, ಫೋಟೊ ತರ್ತೇನಿ. ಕಾಗದಾ ಮಾಡಿಸಿ ಇಡು" ಅಂದೆ. "ಬಾ" ಅಂದ.

ಜುಲೈ 28, ಸೋಮವಾರ

ಇವರು ಕಾಜಲ್ಲಳನ್ನ ಸಾಲಿಗೆ ಒಯ್ದ್ರು. ಕೀಲಿ ಉದ್ದಪ್ಪನ ಹೆಂಡ್ತಿ ಕೈಯಾಗ ಕೊಟ್ಟು, ಗಿರಾಕಿ ಬಂದ್ರ ಒಳಗಿನ ಬ್ಲೌಸ್ ಕೊಡ್ರಿ ಅಂತ ಹೇಳಿ ಬಸ್ ಹತ್ತಿದೆ.

ಮೂಡಲಗಿ ಕಚೇರಿ ಮುಂದ ಗಿಡದ ಕೆಳಗ ಟೈಪ್ ಮಾಡಾವ್ರು ಕುಂದರತಾರ. ಅಣ್ಣ ನನಗಿಂತ ಮೊದಲ ಬಂದಿದ್ದ. ಗಡ್ಡ ಬಿಟ್ಟಾನ, ಸೊರಗ್ಯಾನ. ನನ್ನ ಮಾರಿ ನೋಡಲಿಲ್ಲ. ನಾ ದಾರಿಗುಂಟ ಹೇಳಬೇಕಂತ ಏನೇನೋ ಕೂಡಿಸಿದ್ದೆ.

"ತಪ್ಪಾತಣ್ಣಾ" ಅಂದೆ ಕಡೀಕ.

ಅಂವ ಟೈಪ್ ಮಾಡಾವ್ನ ಕಡೆ ಕೈ ಮಾಡಿದ. ಬಾಂಡ್ ಪೇಪರ್ ರೆಡಿ ಇತ್ತು. ನಾ ಪೆನ್ ತಗೊಂಡು ಕೆಳಗ ಸಹಿ ಮಾಡೂ ಜಾಗಾ ಹುಡಕಿದೆ. ಓದೂ ಮನಸ ಇರಲಿಲ್ಲ. ಹೊಲಾ ಮನಿ ಎಲ್ಲಾ ಬರಸ್ಕೊಂಡಿದ್ರೂ ಇವತ್ತ ಸಹಿ ಹಾಕತಿದ್ದೆ. ಪೆನ್ ಇನ್ನೇನ ಮುಟ್ಟಬೇಕು, ಅಣ್ಣ ಪೇಪರ್ ಮ್ಯಾಲೆ ಕೈ ಇಟ್ಟ.

"ಓದು."

"ಬ್ಯಾಡಣ್ಣಾ, ನನಗ ಗೊತ್ತೈತಿ."

"ಓದಿ ಸಹಿ ಮಾಡು. ಜೋರಲೇ ಓದು. ಇವರೂ ಕೇಳಲಿ."

"ಅಣ್ಣಾ, ನಂಬತೇನೋ..."

"ನೀ ನಂಬತೀ. ನಾ ನಂಬಬೇಕಲ್ಲ" ಅಂದ. ಸಿಟ್ಟಿಲೆ ಅನ್ನಲಿಲ್ಲ. ಅದಕ್ಕನ ಎದೀಗ ಬಡೀತು.

ಸುತ್ತಲ ನಾಕ ಮಂದಿ ನಿಂತಿದ್ರು. ನಾ ಸಾಲಿ ಹುಡುಗಿ ಹಂಗ ಎದ್ದ ನಿಂತು ಓದಿದೆ. "ನಾನು ದಾನೇ‍ಶ್ವರಿ ಕೋಂ ಸಿದ್ರಾಯ, ಸಾಕಿನ ಗೋಕಾಕ, ಬರೆದುಕೊಡುವ ಒಪ್ಪಿಗೆ ಪತ್ರವೇನೆಂದರೆ, ನಮ್ಮ ತಂದೆಯವರ ಹೆಸರಿನಲ್ಲಿರುವ ಮನೆಯ ವಿದ್ಯುತ್ ಮೀಟರನ್ನು, ನನ್ನ ಅಣ್ಣನಾದ..." ಅಲ್ಲಿ ಹಾಳಿಂದ ಕಣ್ಣ ಎತ್ತಿ ಅಣ್ಣನ್ನ ನೋಡಿದೆ. ಟೈಪ್ ಮಾಡಾಂವ ನೀರಿನ ಬಾಟ್ಲಿ ಮುಂದ ಸರಸಿದ. ಕುಡೀಲಿಲ್ಲ. "ನನ್ನ ಅಣ್ಣನಾದ ಅಪ್ಪಣ್ಣ ಇವರ ಹೆಸರಿಗೆ ಬದಲಾಯಿಸುವುದಕ್ಕೆ ನನ್ನ ಯಾವುದೇ ತಕರಾರು ಇರುವುದಿಲ್ಲ." ಕಡೀ ಸಾಲಿನ ತನಕ ಓದಿದೆ. ಆಮ್ಯಾಲೆ ಸಹಿ ಮಾಡಿದೆ. ಅಣ್ಣ ಪೇಪರ್ ಮಡಚಿ ಪ್ಲಾಸ್ಟಿಕ್ ಚೀಲದಾಗ ಹಾಕ್ಕೊಂಡ.

ಸ್ಟ್ಯಾಂಡಿನ ತನಕ ಅಂವ ಮುಂದ, ನಾ ಹಿಂದ. ಗಾಡಿ ಊರಾಗ ಬಿಟ್ಟ ಬಂದಾನಂತ, ರಿಪೇರಿಗೆ ಐತಿ. ನಾಳೆ ಪಂಚಮಿ, ಬಸ್ಸಿನ ತುಂಬ ತವರಿಗೆ ಹೊಂಟ ಹೆಣ್ಣಮಕ್ಕಳು, ಮಡಿಲಾಗ ಡಬ್ಬಿ, ಚೀಲ. ಗೋಕಾಕ ಬಸ್ಸು, ಕಲ್ಲೋಳಿ ಮ್ಯಾಲೆನ ಹೋಗತೈತಿ. ಒಂದ ಸೀಟ ಸಿಕ್ತು, ಅಣ್ಣ ನನಗ ಕುಂದರು ಅಂತ ಕೈ ಮಾಡಿ ತಾ ಬಾಜೂಕ ನಿಂತ. ನಾ ಎಲ್ಲಿ ಇಳಿಬೇಕು? ಕರೀಲಾರದ ಹೆಂಗ ಹೋಗಲಿ? ಹೋದ್ರ ವೈನಿ ಮತ್ತ ರೊಕ್ಕಕ್ಕ ಬಂದಾಳೇನು ಅಂತ ನನ್ನ ಚೀಲ ನೋಡತಾಳೇನೋ, ನೋಡಿದ್ರೂ ನನಗ ಏನ ಅನ್ನೂ ಬಾಯಿ ಐತಿ?

ಕಂಡಕ್ಟರ್ ಬಂದ. ಹೆಣ್ಣಮಕ್ಕಳಿಗೆ ಪುಕ್ಕಟ ಆದ್ರೂ ಊರ ಹೇಳಬೇಕಲ್ಲ. ನಾ ಆಧಾರ ಕಾರ್ಡ್ ಹಿಡಕೊಂಡ ಸುಮ್ನ ಕುಂತಿದ್ದೆ.

"ಎಲ್ಲಿಗ್ರಿ ಅಕ್ಕಾರ? ಲಗೂ ಹೇಳ್ರಿ."

ಅಣ್ಣ ಖಿಡಕ್ಯಾಗಿಂದ ಹೊರಗ ನೋಡಕೋತನ, ಕಿಸೇದಾಗಿಂದ ರೊಕ್ಕಾ ತಗದು ಮುಂದ ಹಿಡದ.

"ಇಬ್ಬರೂ ಕಲ್ಲೋಳಿ" ಅಂದ.